ಕಡಿದಷ್ಟೇ ಸಸಿ ನೆಟ್ಟರೂ ಜಗಳ ಯಾಕೆ ನಿಲ್ಲುವುದಿಲ್ಲ?

"ಒಂದು ಮರ ಕಡಿದರೆ ಒಂದು ಸಸಿ ನೆಟ್ಟರಾಯ್ತು, ಅಲ್ವಾ? ಆದರೂ ಕಾಡು ಉಳಿಸಬೇಕು ಅನ್ನೋರಿಗೂ ನಾಟಾ ಬೇಕು ಅನ್ನೋರಿಗೂ ಯಾಕೆ ಹೊಂದಿಕೆ ಆಗಲ್ಲ?" ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ಕಾಡಿನಲ್ಲಿ ಮರ ಎಣಿಸುವ ಕೆಲಸ ಮಾಡಿದವನು. ಅಲ್ಲಿ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ಒಬ್ಬರು ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮರದ ಜಾತಿ, ಸುತ್ತಳತೆ, ನೆಟ್ಟಗಿರುವ ಕಾಂಡದ ಉದ್ದ, ಇಷ್ಟೇ. ಒಮ್ಮೆ ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ತಾಗದಂಥ ಮರ ಸಿಕ್ಕಿತು. ತಟ್ಟಿದರೆ ಡೋಲಿನ ಹಾಗೆ ಸದ್ದು, ಒಳಗೆಲ್ಲ ಪೊಳ್ಳು. ಸ್ವಲ್ಪ ಮೇಲೆ ಒಂದು ಪೊಟರೆ. ಯಾವುದೋ ಪ್ರಾಣಿ ಒಳಗೆ ಹೊರಗೆ ಓಡಾಡಿ ಅದರ ಅಂಚು ನುಣ್ಣಗಾಗಿತ್ತು, ಒಂದಿಷ್ಟು ಕೂದಲೂ ಅಂಟಿಕೊಂಡಿತ್ತು. ಫಾರಂನಲ್ಲಿ ನಾವು ಬರೆದದ್ದು "ಪೊಳ್ಳು, ನಾಟಾಕ್ಕೆ ಬಾರದು" ಅಂತ. ಅಷ್ಟು ಜೀವಗಳನ್ನು ಸಾಕುತ್ತಿದ್ದ ಮರ ನಮ್ಮ ಲೆಕ್ಕದಲ್ಲಿ ಸೊನ್ನೆ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಜಗಳ ಇರುವುದು ಮರಗಳ ಸಂಖ್ಯೆಯಲ್ಲಿ ಅಲ್ಲ, ವಯಸ್ಸಿನಲ್ಲಿ. ಬೆಳೆಯುವಷ್ಟನ್ನೇ ಕಡಿಯಬೇಕು ಅನ್ನುವ ಮಾತನ್ನು 1713ರಲ್ಲೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಕಾರ್ಲೋವಿಟ್ಸ್ ಎಂಬ ಗಣಿ ಅಧಿಕಾರಿ ಬರೆದಿಟ್ಟರು. ಗಣಿಗಳಿಗೂ ಅದಿರು ಕರಗಿಸುವ ಕುಲುಮೆಗಳಿಗೂ ಸೌದೆ ಸಾಲದೆ ಬಂದಿದ್ದ ಕಾಲ ಅದು. ಒಳ್ಳೆಯ ಮಾತೇ. ಆದರೆ ಅದು ಲೆಕ್ಕ ಹಾಕುವುದು ನಾಟಾವನ್ನು. ಒಂದು ವಯಸ್ಸಾದ ಮೇಲೆ ಮರ ದಪ್ಪಗಾಗುವುದು ನಿಧಾನವಾಗುತ್ತದೆ. ಆಮೇಲೆ ಅದನ್ನು ನಿಲ್ಲಿಸಿಕೊಂಡರೆ ನಷ್ಟ ಅನ್ನುತ್ತದೆ ಈ ಲೆಕ್ಕ. ಪೊಟರೆ ಬೀಳುವುದು ಅದಕ್ಕಿಂತ ಎಷ್ಟೋ ವರ್ಷ ತಡವಾಗಿ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವನ್ನೇ ನೋಡಿ. ಅಲ್ಲಿನ ಎತ್ತರದ ನೀಲಗಿರಿ ಜಾತಿಯ ಮರಗಳಲ್ಲಿ ಸರಿಯಾದ ಪೊಟರೆ ಆಗಲು 100 ವರ್ಷಕ್ಕೂ ಜಾಸ್ತಿ ಬೇಕು. ಅದರೊಳಗೆ ಮಲಗುವ ಲೆಡ್‌ಬೀಟರ್ಸ್ ಪಾಸಮ್ ಎಂಬ ಪುಟ್ಟ ಪ್ರಾಣಿ ಬಹುಪಾಲು ಇರುವುದು ಆ ರಾಜ್ಯದಲ್ಲೇ. ಸುಮಾರು 80 ವರ್ಷಕ್ಕೊಮ್ಮೆ ಅದೇ ಜಾಗವನ್ನು ಕಡಿಯುತ್ತಾ ಬಂದರೆ, ಎಷ್ಟು ಸಸಿ ನೆಟ್ಟರೂ ಆ ಪೊಟರೆ ಹುಟ್ಟುವುದೇ ಇಲ್ಲ. ಕೊನೆಗೆ 2024ರ ಜನವರಿ 1ರಿಂದ ಆ ರಾಜ್ಯ ಸರ್ಕಾರಿ ಸಹಜ ಕಾಡಿನಲ್ಲಿ ನಾಟಾ ಕಡಿಯುವುದನ್ನು ನಿಲ್ಲಿಸಿತು.

ಹಾಗಂತ ಕಡಿಯುವವರೆಲ್ಲ ದುರಾಸೆಯವರು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1908ರ ಕಾನೂನಿನಂತೆ ರಾಷ್ಟ್ರೀಯ ಅರಣ್ಯಗಳ ಆದಾಯದಲ್ಲಿ ನೂರಕ್ಕೆ 25 ಪಾಲು ಸ್ಥಳೀಯ ಶಾಲೆಗಳಿಗೆ ಮತ್ತು ರಸ್ತೆಗಳಿಗೆ ಹೋಗುತ್ತಿತ್ತು. 1990ರಲ್ಲಿ ಚುಕ್ಕೆ ಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಮರುವರ್ಷ ನ್ಯಾಯಾಲಯ ಅದರ ನೆಲೆಯಾದ ಹಳೆಯ ಕಾಡುಗಳಲ್ಲಿ ನಾಟಾ ಮಾರಾಟಕ್ಕೆ ತಡೆ ಹಾಕಿತು. 1994ರಲ್ಲಿ ವಾಯುವ್ಯ ಭಾಗದ ಸುಮಾರು 97 ಲಕ್ಷ ಹೆಕ್ಟೇರಿಗೆ ಕಡಿತವನ್ನು ತಗ್ಗಿಸುವ ಹೊಸ ಯೋಜನೆ ಬಂತು. ಗೂಬೆಯ ಪರವಾಗಿ ನಿಂತದ್ದು ಸರಿ ಎಂದೇ ನಾನು ನಂಬುತ್ತೇನೆ. ಆದರೆ ಮರದ ಮಿಲ್ಲಿನ ಸಂಬಳದ ಜೊತೆಗೆ ಮಕ್ಕಳ ಶಾಲೆಯ ದುಡ್ಡಿಗೂ ಕತ್ತರಿ ಬಿದ್ದಾಗ ಆ ಊರಿನವರ ಸಿಟ್ಟು ಸುಳ್ಳಲ್ಲ. ಶಾಲೆಯ ಖರ್ಚನ್ನು ಕೊಡಲಿಗೆ ಕಟ್ಟಿಹಾಕಿದ್ದೇ ಮೊದಲ ತಪ್ಪು. ಅದನ್ನು ಇಡೀ ದೇಶದಲ್ಲಿ ತುಂಬಿಕೊಡುವ ಕಾನೂನು ಬರಲು 2000ದವರೆಗೆ ಕಾಯಬೇಕಾಯಿತು.

ಪೂರ್ತಿ ನಿಷೇಧಿಸಿದರೆ? ಚೀನಾ 1998ರ ಯಾಂಗ್‌ಟ್ಸಿ ಪ್ರವಾಹದ ನಂತರ ಸಹಜ ಕಾಡುಗಳಲ್ಲಿ ಕಡಿತ ನಿಲ್ಲಿಸತೊಡಗಿತು. ಆಮೇಲೆ ಹೊರದೇಶಗಳಿಂದ, ಅದರಲ್ಲೂ ರಷ್ಯಾದಿಂದ, ದಿಮ್ಮಿ ತರಿಸುವುದು ತುಂಬಾ ಹೆಚ್ಚಿತು. ಇಲ್ಲಿ ನಿಂತ ಕೊಡಲಿ ಅಲ್ಲಿ ಎದ್ದಿತು. ನ್ಯೂಜಿಲೆಂಡ್ 2002ರಲ್ಲಿ ಸರ್ಕಾರಿ ಸಹಜ ಕಾಡನ್ನು ಮುಟ್ಟುವುದು ಬಿಟ್ಟಾಗ ಅಷ್ಟು ತೊಂದರೆ ಆಗಲಿಲ್ಲ. ಯಾಕೆಂದರೆ ದಶಕಗಳ ಹಿಂದಿನಿಂದಲೇ ನೆಡುತೋಪುಗಳಲ್ಲಿ ಪೈನ್ ಬೆಳೆಸಿಕೊಂಡು ಬಂದಿದ್ದರು. ಅದು ಮೂವತ್ತು ವರ್ಷದೊಳಗೇ ಕಟಾವಿಗೆ ಬರುತ್ತದೆ.

ನನ್ನ ಮಟ್ಟಿಗೆ, ಒಂದೇ ಎಕರೆಯಿಂದ ನಾಟಾ, ನೀರು, ಪೊಟರೆ ಎಲ್ಲವನ್ನೂ ಕೇಳುವ ನೀತಿ ಬಾಳುವುದಿಲ್ಲ. ಹಳೆಯ ಕಾಡನ್ನು ಅದರ ಪಾಡಿಗೆ ಬಿಡಬೇಕು. ಮೊದಲೇ ಬೋಳಾಗಿರುವ ನೆಲದಲ್ಲಿ ನಾಟಾ ಬೆಳೆಯಬೇಕು. ನಡುವಿನ ಕಾಡಿನಲ್ಲಿ ಕಡಿಯಲೇಬೇಕಾದರೆ ಪೊಳ್ಳು ಮರ, ಒಣಮರ, ಬಿದ್ದ ಮರ ಬಿಟ್ಟು ಕಡಿಯಬೇಕು. "ಬಿದ್ದ ಮರ ಸುಮ್ನೆ ಕೊಳೆಯುತ್ತೆ, ತೆಗೆದರೇನು?" ಅನ್ನುವವರು ಬಹಳ. ಫಿನ್ಲೆಂಡ್ ಒಂದೇ ದೇಶದ ಕಾಡುಗಳಲ್ಲಿ 4,000ಕ್ಕೂ ಹೆಚ್ಚು ಬಗೆಯ ಜೀವಿಗಳು, ಹುಳು, ಅಣಬೆ ಎಲ್ಲ ಸೇರಿ, ಸತ್ತ ಮರವನ್ನೇ ನಂಬಿಕೊಂಡಿವೆ.

ನಿಮ್ಮ ಕಡೆಯ ಅರಣ್ಯ ಯೋಜನೆಯ ಕರಡು ಕೈಗೆ ಸಿಕ್ಕರೆ, ಎಷ್ಟು ಸಸಿ ನೆಡುತ್ತಾರೆ ಅನ್ನುವ ಪುಟ ಆಮೇಲೆ ನೋಡಿ. ಅದೇ ಜಾಗಕ್ಕೆ ಎಷ್ಟು ವರ್ಷಕ್ಕೊಮ್ಮೆ ಮತ್ತೆ ಕಡಿಯಲು ಬರುತ್ತಾರೆ, ಪೊಳ್ಳು ಮರದ ಬಗ್ಗೆ ಏನು ಬರೆದಿದ್ದಾರೆ, ಇದನ್ನು ಮೊದಲು ಹುಡುಕಿ. ಏನೂ ಬರೆದಿಲ್ಲದಿದ್ದರೆ ಆಗಲೇ ಆಕ್ಷೇಪಣೆ ಹಾಕಿ. ಮರ ಹರಾಜಾದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.