16ಎಸ್ ಡೇಟಾಗೆ ಒಂದೇ ಉದ್ದ ಸ್ಕ್ರಿಪ್ಟ್ ಸಾಕಾ, ಬಿಡಿ ಹಂತಗಳ ಪೈಪ್‌ಲೈನ್ ಬೇಕಾ?

ನೀವು ಕೇಳಿದ್ದು ಇಷ್ಟು: ಮಣ್ಣಿನ 40 ಸ್ಯಾಂಪಲ್‌ಗಳ 16ಎಸ್ ಡೇಟಾ (ಯಾವ ಬ್ಯಾಕ್ಟೀರಿಯಾಗಳಿವೆ ಅಂತ ಗುರುತಿಸಲು ಓದಿದ 16ಎಸ್ ಜೀನಿನ ಡಿಎನ್‌ಎ) ಬಂದಿದೆ, ಸೀನಿಯರ್ ಕೊಟ್ಟ ಒಂದು ಉದ್ದದ ಸ್ಕ್ರಿಪ್ಟ್ ಇದೆ, ಅದನ್ನೇ ಓಡಿಸಲಾ ಅಥವಾ ಬಿಡಿ ಬಿಡಿ ಹಂತಗಳ ಪೈಪ್‌ಲೈನ್ ಕಲಿಯಲಾ ಅಂತ. ಬಿಡಿಸಿಯೇ ಮಾಡಿ. ಯಾಕೆ ಅಂತ ನನಗಾದದ್ದನ್ನೇ ಹೇಳುತ್ತೇನೆ.

ನನ್ನ ಮೊದಲ ಪ್ರಾಜೆಕ್ಟ್‌ಗೂ ಅಂಥದ್ದೇ ಸ್ಕ್ರಿಪ್ಟ್ ಸಿಕ್ಕಿತ್ತು. ರಾತ್ರಿ ಓಡಲು ಬಿಟ್ಟು ಮಲಗಿದೆ, ಬೆಳಿಗ್ಗೆ ಬಾರ್ ಚಾರ್ಟ್ ರೆಡಿ ಇತ್ತು. ಅದನ್ನು ನಂಬಿಕೊಂಡು ಎರಡು ತಿಂಗಳು ಬರೆದೆ. ಆಮೇಲೆ ಒಂದು ದಿನ ಸುಮ್ನೆ ಕೂತು, ಪ್ರತಿ ಹಂತದಲ್ಲಿ ಎಷ್ಟು ರೀಡ್ (ಸೀಕ್ವೆನ್ಸಿಂಗ್ ಯಂತ್ರ ಓದಿದ ಡಿಎನ್‌ಎ ಸಾಲು) ಉಳಿದಿವೆ ಅಂತ ನೋಡಿದೆ. ಒಂದು ಸ್ಯಾಂಪಲ್‌ನಲ್ಲಿ ಫಿಲ್ಟರ್ ಆದ ಮೇಲೆ 61,000 ಇತ್ತು. ಒಂದೇ ತುಂಡನ್ನು ಎರಡೂ ತುದಿಯಿಂದ ಓದಿದ ರೀಡ್‌ಗಳನ್ನು ಜೋಡಿಸಿದ ಮೇಲೆ 14,000.

ಆ ಸ್ಕ್ರಿಪ್ಟ್ 16ಎಸ್ ಜೀನಿನ ವಿ4 ಅನ್ನುವ ಭಾಗಕ್ಕೆ ಬರೆದದ್ದು. ವಿ4 ಸುಮಾರು 253 ಬೇಸ್ (ಡಿಎನ್‌ಎ ಅಕ್ಷರ) ಅಷ್ಟೇ. ನನ್ನದು ವಿ3-ವಿ4. ಪ್ರೈಮರ್ (ಆ ಭಾಗವನ್ನು ಹಿಡಿದು ನಕಲು ಮಾಡಲು ಬಳಸುವ ಚಿಕ್ಕ ಡಿಎನ್‌ಎ) ತೆಗೆದ ಮೇಲೂ ಈ ತುಂಡು ಸುಮಾರು 400ರಿಂದ 430 ಬೇಸ್ ಇರುತ್ತದೆ, ಒಂದೊಂದು ಬ್ಯಾಕ್ಟೀರಿಯಾದಲ್ಲಿ ಒಂದೊಂದು ಉದ್ದ. ಸ್ಕ್ರಿಪ್ಟ್ ಫಾರ್ವರ್ಡ್ ರೀಡನ್ನು 230ಕ್ಕೆ, ರಿವರ್ಸ್ ರೀಡನ್ನು 190ಕ್ಕೆ ಕತ್ತರಿಸುತ್ತಿತ್ತು. ಕೂಡಿಸಿದರೆ 420. ಡಾಡಾ2 (ರೀಡ್‌ಗಳ ತಪ್ಪು ತಿದ್ದಿ ಜೋಡಿಸುವ ಸಾಫ್ಟ್‌ವೇರ್) ಇವನ್ನು ಜೋಡಿಸಬೇಕಾದರೆ ಕನಿಷ್ಠ 12 ಬೇಸ್ ಒಂದರ ಮೇಲೊಂದು ಬರಬೇಕು. ತುಂಡು 402 ಇದ್ದರೆ 18 ಸಿಗುತ್ತದೆ, ಜೋಡಣೆ ಆಗುತ್ತದೆ. 427 ಇದ್ದರೆ ತುದಿಗಳು ಮುಟ್ಟುವುದೇ ಇಲ್ಲ. ಹಾಗಾಗಿ ಉದ್ದ ತುಂಡಿನ ಬ್ಯಾಕ್ಟೀರಿಯಾಗಳೆಲ್ಲ ಸದ್ದಿಲ್ಲದೆ ಹೊರಗೆ ಬಿದ್ದಿದ್ದವು. ಒಂದು ಎರರ್ ಕೂಡ ಬರಲಿಲ್ಲ! 250, 210 ಅಂತ ಬದಲಿಸಿದ ಮೇಲೆ ಕೆಲವು ಗುಂಪುಗಳ ಪಾಲು ಪೂರ್ತಿ ಬೇರೆಯೇ ಆಯಿತು. ಬರೆದದ್ದನ್ನೆಲ್ಲ ಮತ್ತೆ ಬರೆದೆ.

ಹಂತಗಳನ್ನು ಬಿಡಿಸಿಟ್ಟರೆ ಇಂಥದ್ದು ಕಣ್ಣಿಗೆ ಬೀಳುತ್ತದೆ. ಕಟ್‌ಅಡಾಪ್ಟ್‌ನಿಂದ ಪ್ರೈಮರ್ ತೆಗೆಯುವುದು ಒಂದು, ಡಾಡಾ2 ಒಂದು, ಸಿಲ್ವಾ ಡೇಟಾಬೇಸ್ ಇಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಹೆಸರು ಹಚ್ಚುವುದು ಇನ್ನೊಂದು. ಪ್ರತಿಯೊಂದಕ್ಕೂ ಅದರದ್ದೇ ಫೈಲ್, ಅದರದ್ದೇ ಲೆಕ್ಕ. ಪ್ರೈಮರ್ ಸರಿಯಾಗಿ ಹೋಗದಿದ್ದರೆ ಕೈಮೆರಾ (ಬೇರೆ ಬೇರೆ ಡಿಎನ್‌ಎ ಅಂಟಿಕೊಂಡು ಆದ ಹುಸಿ ತುಂಡು) ತೆಗೆಯುವ ಹಂತದಲ್ಲಿ ಜಾಸ್ತಿ ರೀಡ್ ಹೋಗುತ್ತವೆ, ಅದೂ ಲೆಕ್ಕದಲ್ಲೇ ಗೊತ್ತಾಗುತ್ತದೆ. ನಾಳೆ ಸಿಲ್ವಾ ಬದಲು ಗ್ರೀನ್‌ಜೀನ್ಸ್2 ಹಾಕಿ ನೋಡಬೇಕು ಅನ್ನಿಸಿದರೆ ಕೊನೆಯ ಹಂತ ಮಾತ್ರ ಓಡಿಸಿದರೆ ಆಯಿತು.

40 ಸ್ಯಾಂಪಲ್‌ಗೆ ಚೈಮ್2 (QIIME 2, ಈ ಹಂತಗಳನ್ನೆಲ್ಲ ಒಂದೊಂದಾಗಿ ಓಡಿಸುವ ಸಾಫ್ಟ್‌ವೇರ್) ಒಂದೇ ಸಾಕು. ಅದರ ಪ್ರತಿ ಫೈಲ್ ಒಳಗೂ ಯಾವ ಇನ್‌ಪುಟ್‌ನಿಂದ, ಯಾವ ನಂಬರ್ ಕೊಟ್ಟು ಅದು ಬಂತು ಅನ್ನುವ ಪೂರ್ತಿ ಚರಿತ್ರೆ ಇರುತ್ತದೆ. ನನಗೆ ಇದು ತುಂಬಾ ಇಷ್ಟ. ಆರು ತಿಂಗಳ ಮೇಲೆ ಗೈಡ್ ಕೇಳಿದಾಗ ನೆನಪಿಸಿಕೊಳ್ಳಲು ಒದ್ದಾಡಬೇಕಿಲ್ಲ, ಅಲ್ವಾ?

ಮತ್ತೆ ಮತ್ತೆ ಹೊಸ ಬ್ಯಾಚ್ ಬರುವುದಾದರೆ ಮಾತ್ರ ನೆಕ್ಸ್ಟ್‌ಫ್ಲೋ (ಇಡೀ ಪೈಪ್‌ಲೈನನ್ನು ತಾನಾಗಿ ಓಡಿಸುವ ಸಾಫ್ಟ್‌ವೇರ್) ಕಲಿಯಿರಿ. ಅದರಲ್ಲಿ ಓಡುವ, ಎನ್‌ಎಫ್-ಕೋರ್ ಸಮುದಾಯದವರ ಆಂಪ್ಲಿಸೆಕ್ ಅನ್ನುವ ಪೈಪ್‌ಲೈನ್ ತಯಾರಾಗೇ ಇದೆ, ನೀವು ಮೊದಲಿಂದ ಬರೆಯಬೇಕಿಲ್ಲ. ರೆಸ್ಯೂಮ್ ಅಂತ ಕೊಟ್ಟರೆ ಬದಲಾಗದ ಹಂತಗಳನ್ನು ಬಿಟ್ಟು ಮಿಕ್ಕದ್ದನ್ನಷ್ಟೇ ಓಡಿಸುತ್ತದೆ. ಒಂದು ಮಾತು ನೆನಪಿರಲಿ: ಬೇರೆ ಬೇರೆ ಸೀಕ್ವೆನ್ಸಿಂಗ್ ರನ್‌ಗಳನ್ನು ಡಾಡಾ2ಗೆ ಒಟ್ಟಿಗೆ ಹಾಕಬೇಡಿ. ಅದು ರೀಡ್‌ಗಳಲ್ಲಿನ ತಪ್ಪಿನ ಪ್ರಮಾಣವನ್ನು ಆಯಾ ರನ್‌ನಿಂದಲೇ ಕಲಿಯುತ್ತದೆ. ಬೇರೆ ಬೇರೆಯಾಗಿ ಓಡಿಸಿ, ಆಮೇಲೆ ಟೇಬಲ್ ಸೇರಿಸಿ.

ಈಗ ನಿಮ್ಮ ಪ್ರೈಮರ್ ಯಾವುದು, ಸೀನಿಯರ್ ಸ್ಕ್ರಿಪ್ಟ್‌ನಲ್ಲಿ ಎಷ್ಟಕ್ಕೆ ಕತ್ತರಿಸುತ್ತಿದ್ದಾರೆ, ಇವೆರಡನ್ನು ಮೊದಲು ನೋಡಿ. ಇಲ್ಲಿ ಹಾಕಿದರೆ ನಾನೂ ಕೂಡಿಸಿ ನೋಡುತ್ತೇನೆ.