‘ರೆಸ್ಪಾನ್ಸಿಬಲ್ ಫಾರ್’ ಎಂದರೆ ಏನು ಮಾಡಿದಿರಿ?

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ದಾವಣಗೆರೆಯ ಒಬ್ಬ ಆಡಿಟರ್ ಬಳಿ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿದರೆ ಕರೆ ಬರುತ್ತಿಲ್ಲ. ರೆಸ್ಯೂಮೆಯಲ್ಲಿ ‘ರೆಸ್ಪಾನ್ಸಿಬಲ್ ಫಾರ್ ಜಿಎಸ್‌ಟಿ ವರ್ಕ್’ ಎಂದು ಬರೆದಿದ್ದೇನೆ. ಗೆಳೆಯ ‘ಸ್ಪಿಯರ್‌ಹೆಡೆಡ್’ ಅಂತ ಹಾಕು ಅನ್ನುತ್ತಾನೆ. ಹಾಕಲೇ?

ಉತ್ತರ: ಬೇಡ. ‘ಮುಂದಾಳಾಗಿ ನಡೆಸಿದೆ’ ಎನ್ನುವ ಆ ಪದ ಎರಡು ವರ್ಷದ ಅನುಭವಕ್ಕೆ ಅಣ್ಣನ ಅಂಗಿ ತೊಟ್ಟ ಹಾಗೆ. ‘ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು?’ ಎಂದು ಕೇಳಿದರೆ ಮುಗಿಯಿತು. ‘ರೆಸ್ಪಾನ್ಸಿಬಲ್ ಫಾರ್’ ನಿಮಗೆ ಒಪ್ಪಿಸಿದ ಕೆಲಸವನ್ನಷ್ಟೇ ಹೇಳುತ್ತದೆ, ಮಾಡಿದ್ದನ್ನು ಹೇಳುವುದಿಲ್ಲ. ‘ಜಿಎಸ್‌ಟಿ ವರ್ಕ್’ ಅಂದರೆ ಬಿಲ್ ಜೋಡಿಸಿಡುವುದೂ ಆಗಬಹುದು, ರಿಟರ್ನ್ ಸಲ್ಲಿಸುವುದೂ ಆಗಬಹುದು.

ಇಂಗ್ಲಿಷ್ ಪದ ಹುಡುಕುವ ಮೊದಲು ತಿಂಗಳಿಡೀ ಏನು ಮಾಡುತ್ತೀರಿ ಎಂದು ಕನ್ನಡದಲ್ಲೇ ಬರೆದುಕೊಳ್ಳಿ: ‘18 ಪಾರ್ಟಿಗಳ ಖರೀದಿ ಲೆಕ್ಕವನ್ನು 2ಬಿ ಜೊತೆ ತಾಳೆ ನೋಡುತ್ತೇನೆ, ಬಿಟ್ಟುಹೋದ ಬಿಲ್‌ಗಳಿಗೆ ಸಪ್ಲೈಯರ್‌ಗೆ ಫೋನ್ ಮಾಡುತ್ತೇನೆ.’ (2ಬಿ ಎಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ತಿಂಗಳ ಪಟ್ಟಿ. 18 ಉದಾಹರಣೆಗೆ, ನಿಮ್ಮ ಲೆಕ್ಕ ಹಾಕಿ.) ಈಗ ಕ್ರಿಯಾಪದ ತಾನಾಗಿ ಸಿಗುತ್ತದೆ: ‘ರೀಕನ್ಸೈಲ್ ಪರ್ಚೇಸ್ ರಿಜಿಸ್ಟರ್ಸ್ ಆಫ್ 18 ಕ್ಲೈಂಟ್ಸ್ ವಿತ್ ಜಿಎಸ್‌ಟಿಆರ್-2ಬಿ ಎವ್ರಿ ಮಂತ್.’ ಈಗಿನ ಕೆಲಸಕ್ಕೆ ವರ್ತಮಾನ, ಬಿಟ್ಟ ಕೆಲಸಕ್ಕೆ ‘ರೀಕನ್ಸೈಲ್ಡ್’. ಎರಡನ್ನೂ ಕಲಸಬೇಡಿ.

ಪದದ ತೂಕ ನಿಖರವಾಗಿರಲಿ. ರಿಟರ್ನ್ ತಯಾರಿಸಿದ್ದು ನೀವು, ಸಲ್ಲಿಸಿದ್ದು ಆಡಿಟರ್ ಆದರೆ ‘ಪ್ರಿಪೇರ್’ ಸರಿ, ‘ಫೈಲ್’ ಸುಳ್ಳು. ‘ಫೈಲ್’ ಎಂದು ಬರೆದವರನ್ನು ಕೊನೆಯ ದಿನಾಂಕ ಕೇಳಿಯೇ ಕೇಳುತ್ತಾರೆ. ತಿಂಗಳ ರಿಟರ್ನ್ ಆದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆಯ ಒಟ್ಟು ಲೆಕ್ಕ ಕೊಡುವ 3ಬಿಗೆ 20. ‘ಹಾರ್ಡ್‌ವರ್ಕಿಂಗ್’, ‘ಟೀಮ್ ಪ್ಲೇಯರ್’ ಎರಡನ್ನೂ ಅಳಿಸಿ. ಅವನ್ನು ಬರೆಯದವರೇ ಇಲ್ಲ.

ಪ್ರಶ್ನೆ: ಎರಡು ಕಾಲಂ ಇರುವ ಬಣ್ಣದ ಟೆಂಪ್ಲೇಟ್ ಒಳ್ಳೆಯದೇ?

ಉತ್ತರ: ನೋಡಲು ಚೆಂದ. ಆದರೆ ಹಲವು ಕಂಪನಿಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರ್. ಅದು ಎಡ-ಬಲದ ಸಾಲುಗಳನ್ನು ಬೆರೆಸಿಬಿಡಬಹುದು. ಪಿಡಿಎಫ್‌ನ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕಲಸುಮೇಲೋಗರವಾದರೆ ಒಂದೇ ಕಾಲಂಗೆ ಬನ್ನಿ. ಜಾಹೀರಾತಿನಲ್ಲಿ ‘ಟ್ಯಾಲಿ ಪ್ರೈಮ್’ ಎಂದಿದ್ದು ನಿಮಗದು ಬರುವುದಾದರೆ ಹಾಗೇ ಬರೆಯಿರಿ, ‘ಅಕೌಂಟಿಂಗ್ ಸಾಫ್ಟ್‌ವೇರ್’ ಎಂದು ತೇಲಿಸಬೇಡಿ. ಖಾಸಗಿ ಕಂಪನಿಗೆ ತಂದೆಯ ಹೆಸರು, ಧರ್ಮ, ಕೊನೆಯ ‘ಐ ಹಿಯರ್‌ಬೈ ಡಿಕ್ಲೇರ್’ ಯಾವುದೂ ಬೇಡ. ಉಳಿಯುವ ನಾಲ್ಕೈದು ಸಾಲುಗಳಲ್ಲಿ ಇನ್ನೆರಡು ಕೆಲಸ ಬರೆಯಬಹುದು.