ಜಮೀನಿದ್ದೂ ಕೂಲಿಗೆ ಹೋಗುವುದೇಕೆ?

ಚಳ್ಳಕೆರೆ ಭಾಗದಲ್ಲಿ ನಾಲ್ಕೈದು ಎಕರೆ ಇರುವವರೂ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದೇಕೆ ಎಂದು ತಾವು ಕೇಳಿದ್ದೀರಿ. ಬೇಸಾಯದ ಮೇಲಿನ ಬೇಸರವೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ ಶೇಂಗಾ ಕಿತ್ತು ಕಾಯಿ ಬಿಡಿಸಿದ ಮೇಲೆ ಮುಂದಿನ ಮುಂಗಾರಿನವರೆಗೆ ಹೆಚ್ಚಿನವರಿಗೆ ಕೆಲಸವೂ ಇರುವುದಿಲ್ಲ, ಕೈಯಲ್ಲಿ ಕಾಸೂ ಇರುವುದಿಲ್ಲ. ಆದರೆ ಸಂತೆ, ಶಾಲೆ, ಆಸ್ಪತ್ರೆ, ಸಂಘದ ಕಂತು ಯಾವುದೂ ಸುಗ್ಗಿಯವರೆಗೆ ಕಾಯುವುದಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರಂತೂ ಬೀಜದ ಸಾಲವೂ ತಲೆಯ ಮೇಲೆಯೇ ಉಳಿಯುತ್ತದೆ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು 2 ಹೆಕ್ಟೇರಿಗಿಂತ, ಅಂದರೆ ಸುಮಾರು ಐದು ಎಕರೆಗಿಂತ, ಚಿಕ್ಕವು. ಅಷ್ಟು ನೆಲಕ್ಕೆ ವರ್ಷವಿಡೀ ಮನೆಮಂದಿಯೆಲ್ಲರ ದುಡಿಮೆ ಬೇಕಾಗುವುದೂ ಇಲ್ಲ. ಹೊಲವನ್ನು ಬಿಡಲಿಕ್ಕಲ್ಲ, ಉಳಿಸಿಕೊಳ್ಳಲಿಕ್ಕೇ ಅನೇಕರು ಹೊರಗೆ ದುಡಿಯುತ್ತಾರೆ: ನಮ್ಮ ಪಕ್ಕದ ಮನೆಯವರು ಹೋದ ವರ್ಷ ಬಿತ್ತನೆ ಬೀಜ ತಂದದ್ದು, ಮಗ ಸೆಂಟ್ರಿಂಗ್ ಕೆಲಸ ಮಾಡಿ ಕಳಿಸಿದ ಹಣದಿಂದಲೇ.